ನಿಬ್ಬು, ಮಸಿಯಿಂದ ಟ್ಯಾಬ್ಲೆಟ್‌ಗೆ: ವ್ಯಂಗ್ಯಚಿತ್ರದ ಗೆರೆ ಮತ್ತು ಬಣ್ಣದ ಬಗ್ಗೆ ಸಲಹೆ ಬೇಕು

ಮಸಿಕುಡಿಕೆ:

ಎಲ್ಲರಿಗೂ ನಮಸ್ಕಾರ. ಮಕ್ಕಳ ಪುರವಣಿಗಳಿಗೆ ಚಿತ್ರಕಥೆ, ವಿಶೇಷಾಂಕಗಳಿಗೆ ವ್ಯಂಗ್ಯಚಿತ್ರ ಬರೆದುಕೊಂಡು ಬಂದವನು ನಾನು. ಐವರಿ ಶೀಟಿನ ಮೇಲೆ ಪೆನ್ಸಿಲ್, ಅದರ ಮೇಲೆ ನಿಬ್ಬಿನಿಂದ ವಾಟರ್‌ಪ್ರೂಫ್ ಇಂಡಿಯನ್ ಇಂಕ್, ಮಸಿ ಒಣಗಿದ ಮೇಲೆ ಜಲವರ್ಣ. ನನಗೆ ಗೊತ್ತಿರುವ ದಾರಿ ಇದೊಂದೇ.

ಈಗ ಡಿಜಿಟಲ್‌ಗೆ ಹೋಗಲೇಬೇಕಾಗಿದೆ. ಮುಖ್ಯ ಕಾರಣ ತಿದ್ದುಪಡಿ. ಬಣ್ಣವೆಲ್ಲ ಮುಗಿಸಿ ಕಳುಹಿಸಿದ ಮೇಲೆ ‘ಅಜ್ಜಿಯ ಸೀರೆ ಹಸಿರು ಬೇಡ, ಹಿಂದಿನ ಗಿಡದೊಳಗೆ ಸೇರಿಹೋಗುತ್ತಿದೆ’ ಎಂದು ಸಂಪಾದಕರು ಹೇಳುತ್ತಾರೆ. ಅವರ ಮಾತು ಸರಿಯಾಗಿಯೇ ಇರುತ್ತದೆ. ಆದರೆ ಜಲವರ್ಣದ ಹಸಿರನ್ನು ಕೆಂಪು ಮಾಡಲಾಗದು, ಪುಟವನ್ನೇ ಮತ್ತೆ ಬರೆಯಬೇಕು. ಇನ್ನೊಂದು ಕಾರಣ ಸಾಮಗ್ರಿ. ನಮ್ಮ ಊರಿನ ಅಂಗಡಿಗಳಲ್ಲಿ ಒಳ್ಳೆಯ ನಿಬ್ಬು ಸಿಗುವುದು ನಿಂತೇ ಹೋಗಿದೆ. ಬೆಂಗಳೂರಿನಿಂದ ತರಿಸಿದರೂ ಒಂದು ಡಬ್ಬಿಯಲ್ಲಿ ಅರ್ಧದಷ್ಟು ನಿಬ್ಬುಗಳು ಕಾಗದವನ್ನು ಕೆರೆಯುತ್ತವೆ.

ನನ್ನ ಭಯ ಒಂದೇ, ಗೆರೆಯದು. ಪೆನ್ನಿನಿಂದ ಚಿತ್ರ ಬರೆಯುವ ಟ್ಯಾಬ್ಲೆಟ್‌ನಲ್ಲಿ ಬರೆದ ಎಷ್ಟೋ ಚಿತ್ರಗಳಲ್ಲಿ ಗೆರೆ ನುಣ್ಣಗಿರುತ್ತದೆ, ಆದರೆ ಯಾರ ಗೆರೆ ಎಂದು ಗುರುತು ಹತ್ತುವುದಿಲ್ಲ. ನನ್ನ ಗೆರೆಯನ್ನು ಬಿಟ್ಟುಕೊಡದೆ ಹೋಗುವ ದಾರಿ ಇದೆಯೇ? ಯಾವ ಟ್ಯಾಬ್ಲೆಟ್, ಯಾವ ತಂತ್ರಾಂಶ? ಮನೆಯಲ್ಲಿ ಇರುವುದು ಸಾಧಾರಣ ಕಂಪ್ಯೂಟರ್ ಮತ್ತು ಒಂದು ಹಳೆಯ ಸ್ಕ್ಯಾನರ್.

ಗೆರೆಗಾರ:

ಮಸಿಕುಡಿಕೆ ಅವರೇ, ನಿಮ್ಮ ಮನೆಯಲ್ಲಿ ಸ್ಕ್ಯಾನರ್ ಇದೆ ಎಂದಮೇಲೆ ಅರ್ಧ ಕೆಲಸ ಆಗಿದೆ. ಗೆರೆ ಮತ್ತು ಬಣ್ಣ ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಗೆರೆ ಕಾಗದದ ಮೇಲೆಯೇ ಇರಲಿ. ಬಣ್ಣವನ್ನು ಮಾತ್ರ ಕಂಪ್ಯೂಟರ್‌ಗೆ ತನ್ನಿ. ನೀವು ಹೇಳಿದ ತೊಂದರೆಗಳಲ್ಲಿ ದೊಡ್ಡದು ತಿದ್ದುಪಡಿ. ಅದು ಬಣ್ಣಕ್ಕೆ ಸೇರಿದ್ದು, ಗೆರೆಗಲ್ಲ.

ಕ್ರಮ ಹೀಗೆ. ಪೆನ್ಸಿಲ್ ಬದಲು ತಿಳಿನೀಲಿ ಪೆನ್ಸಿಲ್‌ನಿಂದ ಕರಡು ಹಾಕಿಕೊಳ್ಳಿ, ಮೇಲೆ ಎಂದಿನಂತೆ ಮಸಿ. ರಬ್ಬರ್ ಹಾಕುವ ಅಗತ್ಯವಿಲ್ಲ. 600 ಡಿಪಿಐನಲ್ಲಿ (ಒಂದು ಇಂಚಿಗೆ 600 ಚುಕ್ಕಿ), ಬಣ್ಣದ ಸ್ಕ್ಯಾನ್ ಆಗಿಯೇ ತೆಗೆಯಿರಿ. ಎ4 ಪುಟ 4960 ಗುಣಿಸು 7016 ಪಿಕ್ಸೆಲ್ ಬರುತ್ತದೆ. ಆಮೇಲೆ ತಂತ್ರಾಂಶದಲ್ಲಿ ಚಿತ್ರದ ಕೆಂಪು, ಹಸಿರು, ನೀಲಿ ಬೆಳಕಿನ ಪಾಲುಗಳಾದ ಚಾನೆಲ್‌ಗಳನ್ನು ಬೇರೆ ಬೇರೆಯಾಗಿ ನೋಡಿ. ನೀಲಿ ಚಾನೆಲ್‌ನಲ್ಲಿ ತಿಳಿನೀಲಿ ಪೆನ್ಸಿಲ್ ಬಹುಮಟ್ಟಿಗೆ ಬಿಳಿಯಾಗಿಯೇ ಕಾಣುತ್ತದೆ, ಮಸಿ ಮಾತ್ರ ಕಪ್ಪಾಗಿ ಉಳಿಯುತ್ತದೆ. ಆ ಚಾನೆಲ್ ಒಂದನ್ನೇ ಇಟ್ಟುಕೊಂಡು, ಕಪ್ಪು ಬಿಳುಪಿನ ಮಟ್ಟ ಹೊಂದಿಸುವ ‘ಲೆವೆಲ್ಸ್’ನಲ್ಲಿ ಕಪ್ಪು, ಬಿಳಿ ಎರಡನ್ನೂ ಸ್ವಲ್ಪ ಬಿಗಿ ಮಾಡಿ. ಅತಿಯಾಗಿ ಬಿಗಿ ಮಾಡಿದರೆ ನಿಬ್ಬಿನ ಕೂದಲೆಳೆಯಂಥ ತುದಿಗಳು ಮುರಿದುಹೋಗುತ್ತವೆ. ಕಣ್ಣಿನ ರೆಪ್ಪೆ, ಮೀಸೆಯ ತುದಿ ನೋಡಿಕೊಂಡು ನಿಲ್ಲಿಸಿ.

ತಂತ್ರಾಂಶದಲ್ಲಿ ಚಿತ್ರವನ್ನು ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳಂಥ ಪದರಗಳಲ್ಲಿ (ಲೇಯರ್) ಮಾಡಬಹುದು. ಈ ಗೆರೆಯ ಪದರವನ್ನು ಎಲ್ಲಕ್ಕಿಂತ ಮೇಲಿಟ್ಟು, ಕೆಳಗಿನ ಬಣ್ಣದೊಂದಿಗೆ ಬೆರೆಸುವ ‘ಮಲ್ಟಿಪ್ಲೈ’ ವಿಧಾನ ಹಾಕಿ. ಬಿಳಿ ಮಾಯವಾಗುತ್ತದೆ, ಕಪ್ಪು ಉಳಿಯುತ್ತದೆ. ಬಣ್ಣವೆಲ್ಲ ಕೆಳಗಿನ ಪದರಗಳಲ್ಲಿ.

ಹೊಸದಾಗಿ ಬಂದವರೆಲ್ಲ ತೊಡಕಿಕೊಳ್ಳುವ ಜಾಗ ಒಂದಿದೆ. ಗೆರೆಗಳ ನಡುವಿನ ಜಾಗಕ್ಕೆ ಬಣ್ಣ ತುಂಬುವ ‘ಬಕೆಟ್’ ಉಪಕರಣದಿಂದ ಬಣ್ಣ ಸುರಿದರೆ ಗೆರೆಗೂ ಬಣ್ಣಕ್ಕೂ ನಡುವೆ ಸಣ್ಣ ಬಿಳಿ ಅಂಚು ಉಳಿಯುತ್ತದೆ. ಸ್ಕ್ಯಾನ್ ಆದ ಗೆರೆಯ ಅಂಚು ಒಮ್ಮೆಲೇ ಕಪ್ಪಿನಿಂದ ಬಿಳಿಗೆ ಹೋಗುವುದಿಲ್ಲ. ನಡುವೆ ಬೂದು ಪಿಕ್ಸೆಲ್‌ಗಳಿರುತ್ತವೆ. ಬಕೆಟ್ ಆ ಬೂದು ಕಂಡ ಕಡೆ ನಿಂತುಬಿಡುತ್ತದೆ. ಆದ್ದರಿಂದ ಬಕೆಟ್‌ನ ಆಯ್ಕೆಗಳಲ್ಲಿ ತುಂಬುವ ಜಾಗವನ್ನು ಎರಡು ಮೂರು ಪಿಕ್ಸೆಲ್ ಹಿಗ್ಗಿಸಿ. ಬಣ್ಣ ಗೆರೆಯ ಅಡಿಗೆ ಸರಿದು ಕೂರುತ್ತದೆ, ಅಂಚು ಕಾಣುವುದಿಲ್ಲ. ಈ ಸಪಾಟು ಬಣ್ಣದ ಪದರವನ್ನು ಅಂಚು ನಯಗೊಳಿಸುವ ‘ಆಂಟಿ ಅಲಿಯಾಸಿಂಗ್’ ತೆಗೆದುಹಾಕಿ ತುಂಬಿ. ಆಗ ನಾಳೆ ಸಂಪಾದಕರು ಸೀರೆ ಬದಲಿಸಿ ಎಂದರೆ ಒಂದೇ ಕ್ಲಿಕ್ಕಿಗೆ ಸೀರೆಯಷ್ಟೇ ಆಯ್ಕೆಯಾಗುತ್ತದೆ. ನೆರಳನ್ನು ಇದೇ ಪದರಕ್ಕೆ ಹಚ್ಚಬೇಡಿ. ಅದರ ಮೇಲೆ ಇನ್ನೊಂದು ಮಲ್ಟಿಪ್ಲೈ ಪದರ ಹಾಕಿ, ಮಾಸಲು ನೇರಳೆಯಲ್ಲಿ ನೆರಳನ್ನಷ್ಟೇ ಹಚ್ಚಿ. ಸೀರೆಯ ಬಣ್ಣ ಬದಲಾದರೂ ಮಡಿಕೆಗಳ ನೆರಳು ಹಾಗೆಯೇ ಉಳಿಯುತ್ತದೆ.

ಇಷ್ಟಕ್ಕೆ ಟ್ಯಾಬ್ಲೆಟ್ ಕೂಡ ಕಡ್ಡಾಯವಲ್ಲ, ಮೌಸಿನಲ್ಲೇ ಆಗುತ್ತದೆ. ತಂತ್ರಾಂಶ ಕ್ರಿತಾ ಸಾಕು. ಉಚಿತ, ಮುಕ್ತ ತಂತ್ರಾಂಶ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತದೆ.

ಹಳೆಯಪುಟ:

ನಾನು ಇದನ್ನು ಒಪ್ಪುವುದಿಲ್ಲ. ಇವತ್ತು ಬಣ್ಣ ಹೋಗುತ್ತದೆ, ನಾಳೆ ಗೆರೆಯೂ ಹೋಗುತ್ತದೆ. ಆಮೇಲೆ ಉಳಿಯುವುದು ಒಂದು ಫೈಲು. ವ್ಯಂಗ್ಯಚಿತ್ರಕಾರನ ಕೈಯಲ್ಲಿ ಮೂಲಚಿತ್ರ ಎಂಬುದು ಇರಬೇಕು. ಬೆಂಗಳೂರಿನ ಟ್ರಿನಿಟಿ ವೃತ್ತದ ಬಳಿ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ ಇದೆಯಲ್ಲ, 2007ರಲ್ಲಿ ಆರಂಭವಾದದ್ದು, ಅಂಥ ಜಾಗದಲ್ಲಿ ಮೂಲಚಿತ್ರದ ಮುಂದೆ ನಿಂತು ನೋಡಿ. ಮಸಿ ದಪ್ಪವಾಗಿ ನಿಂತ ಜಾಗ, ಬ್ರಷ್ ಒಣಗಿ ಕಾಗದದ ಮೈ ಕಂಡ ಜಾಗ, ತಪ್ಪಿದ ಗೆರೆಯ ಮೇಲೆ ಬಿಳಿ ಬಣ್ಣ ಹಚ್ಚಿದ ಜಾಗ, ಎಲ್ಲವೂ ಕಾಣುತ್ತದೆ. ಕಲಿಯುವ ಹುಡುಗರಿಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ. ಪ್ರಿಂಟರ್‌ನಿಂದ ತೆಗೆದ ಪ್ರತಿಯಲ್ಲಿ ಇದು ಯಾವುದೂ ಇರುವುದಿಲ್ಲ.

ಮೈಸೂರಿನಲ್ಲಿ ಓದುತ್ತಿದ್ದ ಕಾಲದಲ್ಲಿ ಆರ್.ಕೆ. ಲಕ್ಷ್ಮಣ್ ಅವರು ‘ಕೊರವಂಜಿ’ ಹಾಸ್ಯಪತ್ರಿಕೆಗೆ ಚಿತ್ರ ಬರೆದರು. ಆ ಪತ್ರಿಕೆ ಶುರುವಾದದ್ದು 1942ರಲ್ಲಿ. ಅಂದಿನ ಗೆರೆಯನ್ನು ಇವತ್ತು ನೋಡಿದರೂ ಅದು ಅವರದೇ ಎಂದು ಹೇಳಬಹುದು. ಅದು ಬ್ರಷ್ ಮತ್ತು ಕಾಗದ ಕಲಿಸಿದ ಗೆರೆ. ಕಾಗದ ಕೈಯನ್ನು ತಡೆಯುತ್ತದೆ, ಆ ತಡೆಯಿಂದಲೇ ಗೆರೆಗೆ ಗುಣ ಬರುತ್ತದೆ. ಗಾಜಿನ ಮೇಲೆ ಜಾರುವ ಪ್ಲಾಸ್ಟಿಕ್ ಮೊನೆಯಿಂದ ಅದು ಬರುವುದಿಲ್ಲ.

ಗೆರೆಗಾರ:

ಹಳೆಯಪುಟ ಅವರೇ, ಮೂಲಚಿತ್ರದ ಬೆಲೆಯ ಬಗ್ಗೆ ನಿಮ್ಮ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಅದಕ್ಕಾಗಿಯೇ ಗೆರೆ ಕಾಗದದ ಮೇಲಿರಲಿ ಎಂದದ್ದು. ನಾನು ಹೇಳಿದ ಕ್ರಮದಲ್ಲಿ ಮಸಿಯ ಮೂಲಚಿತ್ರ ಕಲಾವಿದನ ಬಳಿಯೇ ಉಳಿಯುತ್ತದೆ.

ಆದರೆ ಆ ಗೆರೆಯನ್ನು ಬ್ರಷ್ ಮತ್ತು ಕಾಗದ ಮಾತ್ರವೇ ಕಲಿಸಿದ್ದಲ್ಲ. ಅಂದು ಪತ್ರಿಕೆಗಳು ಅಚ್ಚುಮೊಳೆಯಲ್ಲಿ ಮುದ್ರಣವಾಗುತ್ತಿದ್ದವು, ಚಿತ್ರಕ್ಕೆ ಸತುವಿನ ಬ್ಲಾಕ್ ಮಾಡಿಸಬೇಕಿತ್ತು. ಗೆರೆಯ ಬ್ಲಾಕಿಗೆ ಬೂದು ಬಣ್ಣ ಗೊತ್ತಿಲ್ಲ, ಕಪ್ಪು ಇಲ್ಲವೇ ಬಿಳಿ, ಅಷ್ಟೆ. ಅದಕ್ಕೇ ನೆರಳಿಗೆ ಅಡ್ಡಗೆರೆ, ಚುಕ್ಕಿ, ದಪ್ಪನೆಯ ಮಸಿ ಬಂದವು. ಆ ಕಾಲದ ದೊಡ್ಡ ಕಲಾವಿದರೆಲ್ಲ ಅಂದಿನ ಯಂತ್ರವನ್ನು ಚೆನ್ನಾಗಿ ತಿಳಿದುಕೊಂಡು ಅದಕ್ಕೆ ತಕ್ಕ ಗೆರೆ ಕಟ್ಟಿಕೊಂಡರು. ನಾವೂ ಇಂದಿನ ಯಂತ್ರವನ್ನು ಅಷ್ಟೇ ಚೆನ್ನಾಗಿ ತಿಳಿದುಕೊಳ್ಳಬೇಕು ಎಂಬುದು ನನ್ನ ಮಾತು.

ಪುಟವಿನ್ಯಾಸ:

ಯಂತ್ರದ ಮಾತು ಬಂದದ್ದರಿಂದ ನಾನೂ ಸೇರಿಕೊಳ್ಳುತ್ತೇನೆ. ಪತ್ರಿಕೆಗಳ ಪುಟ ಕಟ್ಟುವುದು, ಪ್ರೆಸ್ಸಿಗೆ ಕಳುಹಿಸುವುದು ನನ್ನ ಕೆಲಸ. ಡಿಜಿಟಲ್‌ಗೆ ಹೊಸದಾಗಿ ಬಂದ ಕಲಾವಿದರ ಫೈಲುಗಳಲ್ಲಿ ಮೇಲಿಂದ ಮೇಲೆ ಕಾಣುವ ತೊಂದರೆಗಳನ್ನು ಹೇಳಿಬಿಡುತ್ತೇನೆ. ಯಾರೂ ಹೇಳದೆ ಇದ್ದರೆ ಇವು ಅಚ್ಚಾದ ಮೇಲೆಯೇ ಗೊತ್ತಾಗುವುದು.

ಪರದೆಯ ಬಣ್ಣ ಕೆಂಪು, ಹಸಿರು, ನೀಲಿ ಬೆಳಕಿನದು, ಆರ್‌ಜಿಬಿ. ಅಚ್ಚಿನ ಬಣ್ಣ ಸಯಾನ್, ಮೆಜೆಂತಾ, ಹಳದಿ, ಕಪ್ಪು ಎಂಬ ನಾಲ್ಕು ಮಸಿಗಳದು, ಸಿಎಂವೈಕೆ. ಪರದೆಯಲ್ಲಿ ಹೊಳೆಯುವ ಗಿಳಿಹಸಿರು, ಕಿತ್ತಳೆ, ಗಾಢ ನೀಲಿ ನಾಲ್ಕು ಮಸಿಯಲ್ಲಿ ಹುಟ್ಟುವುದೇ ಇಲ್ಲ. ಹಸಿರು ಮಂಕಾಗುತ್ತದೆ, ನೀಲಿ ನೇರಳೆಗೆ ತಿರುಗುತ್ತದೆ. ಹಾಗಾಗಿ ಮೊದಲಿನಿಂದಲೂ ಸಿಎಂವೈಕೆ ಮುನ್ನೋಟ ಇಟ್ಟುಕೊಂಡು ಬಣ್ಣ ಆರಿಸಿ. ಕ್ರಿತಾದಲ್ಲಿ ಈ ಸೌಲಭ್ಯ ಇದೆ.

ಇದಕ್ಕಿಂತ ಮುಖ್ಯ ಕಪ್ಪು ಗೆರೆ. ಆರ್‌ಜಿಬಿಯಲ್ಲಿ ಬರೆದ ಕಪ್ಪನ್ನು ಫೋಟೋಶಾಪ್‌ನ ಅಮೆರಿಕನ್ ಪ್ರೊಫೈಲ್‌ನಲ್ಲಿ (ಬಣ್ಣವನ್ನು ಮಸಿಯ ಪ್ರಮಾಣಕ್ಕೆ ತಿರುಗಿಸುವ ಲೆಕ್ಕ) ಹಾಗೆಯೇ ಸಿಎಂವೈಕೆಗೆ ತಿರುಗಿಸಿದರೆ ಶೇಕಡಾ ಲೆಕ್ಕದಲ್ಲಿ ಸಯಾನ್ 75, ಮೆಜೆಂತಾ 68, ಹಳದಿ 67, ಕಪ್ಪು 90 ಎಂದು ಬರುತ್ತದೆ. ಕೂಡಿಸಿದರೆ 300. ನ್ಯೂಸ್‌ಪ್ರಿಂಟ್, ಅಂದರೆ ಪತ್ರಿಕೆಯ ಕಾಗದ, ತಡೆದುಕೊಳ್ಳುವುದು ಸುಮಾರು 240ರ ಮೊತ್ತ. ಮಸಿ ಹೆಚ್ಚಾಗಿ ಹಿಂದಿನ ಪುಟಕ್ಕೂ ಹಣಿಕುತ್ತದೆ. ಅದರ ಜೊತೆಗೆ ಒಂದೊಂದು ಮಸಿಗೆ ಒಂದರಂತೆ ಇರುವ ನಾಲ್ಕು ಅಚ್ಚಿನ ಪ್ಲೇಟುಗಳು ಕೂದಲಿನಷ್ಟು ಆಚೀಚೆ ಸರಿದರೂ ನಿಮ್ಮ ಮೀಸೆಯ ಗೆರೆಗೆ ಒಂದು ಪಕ್ಕ ಕೆಂಪು, ಇನ್ನೊಂದು ಪಕ್ಕ ನೀಲಿ ಅಂಚು ಬರುತ್ತದೆ. ಓಡುವ ಯಂತ್ರದಲ್ಲಿ ಅಷ್ಟು ಸರಿಯದೆ ಇರುವುದೂ ಇಲ್ಲ. ಆದ್ದರಿಂದ ಗೆರೆಯ ಪದರದಲ್ಲಿ ಕಪ್ಪು ಮಸಿ ಮಾತ್ರ ನೂರು ಇರಬೇಕು, ಉಳಿದ ಮೂರೂ ಸೊನ್ನೆ. ಅದು ಬಣ್ಣದ ಮೇಲೆ ‘ಓವರ್‌ಪ್ರಿಂಟ್’ ಆಗಬೇಕು, ಅಂದರೆ ಅಡಿಯ ಬಣ್ಣವನ್ನು ಕತ್ತರಿಸದೆ ಅದರ ಮೇಲೆಯೇ ಅಚ್ಚಾಗಬೇಕು. ಗೆರೆಗಾರ ಅವರು ಬಣ್ಣವನ್ನು ಗೆರೆಯ ಅಡಿಗೆ ಹಿಗ್ಗಿಸಿ ಎಂದದ್ದು ಇಲ್ಲಿಯೂ ಕೆಲಸಕ್ಕೆ ಬರುತ್ತದೆ: ಪ್ಲೇಟು ಸ್ವಲ್ಪ ಸರಿದರೂ ಬಿಳಿ ಇಣುಕುವುದಿಲ್ಲ.

ಮುಖದ ಬಣ್ಣದಲ್ಲಿ ಕಪ್ಪು ಬೆರೆಸಬೇಡಿ ಎಂದು ಬೇಡಿಕೊಳ್ಳುತ್ತೇನೆ. ನಮ್ಮವರ ಗೋಧಿ ಬಣ್ಣ, ಎಣ್ಣೆಗೆಂಪು ಬಣ್ಣ ಪರದೆಯಲ್ಲಿ ಎಷ್ಟು ಚೆನ್ನಾಗಿ ಕಂಡರೂ ನ್ಯೂಸ್‌ಪ್ರಿಂಟ್ ಮೇಲೆ ಮಸಿ ಹರಡಿ ಒಂದು ಹಂತ ಗಾಢವಾಗುತ್ತದೆ. ಹಳದಿ, ಮೆಜೆಂತಾ, ಒಂದಿಷ್ಟು ಸಯಾನ್ ಸಾಕು. ವಿಶೇಷಾಂಕ ಆರ್ಟ್ ಪೇಪರಿನಲ್ಲಿ ಅಚ್ಚಾಗುವುದಾದರೆ ಇಷ್ಟು ಹೆದರಬೇಕಿಲ್ಲ. ಯಾವ ಕಾಗದ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ.

ಚುಕ್ಕಿಗೆರೆ:

ಮಸಿಕುಡಿಕೆ ಸರ್, ನಾನು ಕಾಗದಕ್ಕಿಂತ ಮೊದಲು ಟ್ಯಾಬ್ಲೆಟ್ ಹಿಡಿದವಳು. ಡಿಜಿಟಲ್ ಗೆರೆ ಯಾರದೆಂದು ಗೊತ್ತಾಗುವುದಿಲ್ಲ ಎಂದು ನೀವು ಬರೆದದ್ದು ಓದಿ ಬೇಸರವಾಯಿತು, ಆದರೆ ಅದರಲ್ಲಿ ಸತ್ಯವಿದೆ. ಆ ನುಣುಪು ಎಲ್ಲಿಂದ ಬರುತ್ತದೆ ಎಂದು ಹೇಳುತ್ತೇನೆ.

ಒಂದು, ಗೆರೆಯನ್ನು ನೇರ್ಪಡಿಸುವ ‘ಸ್ಟೆಬಿಲೈಸರ್’. ಅದನ್ನು ಹೆಚ್ಚಿಗೆ ಇಟ್ಟರೆ ಕೈ ಎಲ್ಲಿ ನಡುಗಿತು, ಎಲ್ಲಿ ಧೈರ್ಯ ಮಾಡಿತು ಎಂಬುದೆಲ್ಲ ಅಳಿಸಿಹೋಗಿ ಎಲ್ಲರ ಗೆರೆಯೂ ಒಂದೇ ಆಗುತ್ತದೆ. ನಿಮ್ಮಂಥ ಪಳಗಿದ ಕೈಗೆ ಅದು ಬೇಕಿಲ್ಲ. ಸೊನ್ನೆಗೆ ಇಳಿಸಿ, ಅಥವಾ ಒತ್ತಡದ ಏರಿಳಿತ ತಡೆಯುವಷ್ಟು ಮಾತ್ರ ಇಡಿ.

ಇನ್ನೊಂದು, ಜೂಮ್. ನನ್ನ ಪ್ರಕಾರ ಇದೇ ದೊಡ್ಡ ಶತ್ರು. ಕಾಗದದ ಮೇಲೆ ಮುಖ ಬರೆಯುವಾಗಲೂ ಪುಟ ಪೂರ್ತಿ ಕಣ್ಣ ಮುಂದೆ ಇರುತ್ತದೆ. ಪರದೆಯಲ್ಲಿ ಮೂಗನ್ನು ನಾಲ್ಕು ಪಟ್ಟು ಹಿಗ್ಗಿಸಿಕೊಂಡು ತಿದ್ದುತ್ತಾ ಕೂತರೆ ಗೆರೆಯ ದಪ್ಪದ ಲೆಕ್ಕ ತಪ್ಪುತ್ತದೆ. ಅಜ್ಜಿಯ ಮೂಗಿಗೆ ಕೂದಲೆಳೆ, ಪಕ್ಕದ ಕಂಬಕ್ಕೆ ಹಗ್ಗದಷ್ಟು ದಪ್ಪ. ಮಸಿ ಹಾಕುವಾಗ ಚಿತ್ರ ಅಚ್ಚಾಗುವ ಗಾತ್ರಕ್ಕಿಂತ ಎರಡು ಪಟ್ಟಿಗೆ ಮೀರಿ ಹಿಗ್ಗಿಸಬೇಡಿ. ಇನ್ನೊಂದು ಕಿಟಕಿಯಲ್ಲಿ ಇಡೀ ಪುಟವನ್ನು ಚಿಕ್ಕದಾಗಿ ತೆರೆದಿಟ್ಟುಕೊಳ್ಳಿ.

ಟ್ಯಾಬ್ಲೆಟ್ ವಿಷಯ. ಪರದೆ ಇಲ್ಲದ ಟ್ಯಾಬ್ಲೆಟ್‌ನಲ್ಲಿ ಕೈ ಮೇಜಿನ ಮೇಲೆ, ಕಣ್ಣು ಎದುರಿನ ಪರದೆಯ ಮೇಲೆ. ಮೊದಮೊದಲು ಹಿಂಸೆಯಾಗುತ್ತದೆ, ಆಮೇಲೆ ಕತ್ತು ಬಗ್ಗಿಸದೆ ಕೂರುವ ಸುಖ ಗೊತ್ತಾಗುತ್ತದೆ. ಪರದೆ ಇರುವುದು ದುಬಾರಿ, ಆದರೆ ನಿಬ್ಬು ಹಿಡಿದವರಿಗೆ ಬೇಗ ಒಗ್ಗುತ್ತದೆ. 8192 ಒತ್ತಡದ ಮಟ್ಟ ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಅದಕ್ಕೆ ಮರುಳಾಗಬೇಡಿ, 2048 ಇದ್ದರೂ ಕೈಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಪೆನ್ನನ್ನು ಹಗುರವಾಗಿ ಮುಟ್ಟಿಸಿದ ಕೂಡಲೇ ಗೆರೆ ಬರುತ್ತದೆಯೇ ಎಂದು ಪರೀಕ್ಷಿಸಿ. ಸಣ್ಣ ಗೆರೆಯ ಮೊದಲ ತುದಿ ಅಲ್ಲೇ ಹುಟ್ಟುವುದು. ತಂತ್ರಾಂಶದಲ್ಲಿ ಒತ್ತಡದ ವಕ್ರರೇಖೆಯನ್ನು ನಿಮ್ಮ ಕೈಗೆ ಹೊಂದಿಸಿಕೊಳ್ಳಿ. ನಿಬ್ಬು ಹಿಡಿದವರು ಸಾಮಾನ್ಯವಾಗಿ ಒತ್ತಿ ಬರೆಯುತ್ತಾರೆ.

ಪರದೆಯ ಟ್ಯಾಬ್ಲೆಟ್ ಜಾರುತ್ತದೆ ಎಂಬ ಹಳೆಯಪುಟ ಅವರ ದೂರು ನಿಜ. ಅದಕ್ಕೆ ಒರಟು ಮೈಯ ಹಾಳೆಗಳು ಬರುತ್ತವೆ, ಅಂಟಿಸಿಕೊಂಡರೆ ಕಾಗದದ ತಡೆ ಒಂದಷ್ಟು ಸಿಗುತ್ತದೆ. ಪೆನ್ನಿನ ಮೊನೆ ಬೇಗ ಸವೆಯುತ್ತದೆ, ಬದಲಿ ಮೊನೆ ಇಟ್ಟುಕೊಳ್ಳಬೇಕು. ಐಪ್ಯಾಡ್ ಕೊಳ್ಳುವ ಶಕ್ತಿ ಇದ್ದರೆ ಪ್ರೊಕ್ರಿಯೇಟ್ ಎಂಬ ಚಿತ್ರ ಬರೆಯುವ ತಂತ್ರಾಂಶ ಚೆನ್ನಾಗಿದೆ. ಒಮ್ಮೆ ದುಡ್ಡು ಕೊಟ್ಟರೆ ಸಾಕು. ಆದರೆ ದೊಡ್ಡ ಪುಟಕ್ಕೆ ಪದರಗಳ ಸಂಖ್ಯೆಗೆ ಮಿತಿ ಬೀಳುತ್ತದೆ.

ಮಸಿಕುಡಿಕೆ:

ಎಲ್ಲರಿಗೂ ಧನ್ಯವಾದ. ಗೆರೆಗಾರ ಅವರ ಕ್ರಮದಲ್ಲಿ ಒಂದು ಪುಟ ಮಾಡಿದೆ. ನೀಲಿ ಪೆನ್ಸಿಲ್ ಚಾನೆಲ್ ಬದಲಿಸಿದ ಕೂಡಲೇ ಮರೆಯಾದದ್ದು ನೋಡಿ ಬಹಳ ಸಂತೋಷವಾಯಿತು. ರಬ್ಬರ್ ಹಾಕುವಾಗ ಮಸಿ ಮಂಕಾಗುವ ಹಳೆಯ ಕಾಟ ತಪ್ಪಿತು.

ಎರಡು ತೊಡಕು ಉಳಿದಿವೆ. ನನ್ನ ಗೆರೆಗಳು ಎಲ್ಲ ಕಡೆ ಮುಚ್ಚಿರುವುದಿಲ್ಲ. ಅಂಗಿಯ ಗೆರೆ ಭುಜದ ಬಳಿ ತೆರೆದೇ ಇರುತ್ತದೆ, ಕೆನ್ನೆಯ ಗೆರೆ ಗಲ್ಲಕ್ಕೆ ಮುಟ್ಟುವುದಿಲ್ಲ. ಬಕೆಟ್ ಹಾಕಿದರೆ ಬಣ್ಣ ಹರಿದು ಆಕಾಶಕ್ಕೆ ಹೋಗುತ್ತದೆ. ಇನ್ನು ಮುಂದೆ ಗೆರೆಗಳನ್ನು ಮುಚ್ಚಿಯೇ ಬರೆಯಬೇಕೇ? ಎರಡನೆಯದು ಮಾತಿನ ಬಲೂನು. ಇದುವರೆಗೆ ಕೈಯಲ್ಲೇ ಬರೆಯುತ್ತಿದ್ದೆ. ಕಂಪ್ಯೂಟರ್‌ನಲ್ಲಿ ಹಾಕಿದ ಕನ್ನಡ ಅಕ್ಷರ ಒಡೆದು, ಒತ್ತಕ್ಷರಗಳು ಪಕ್ಕಕ್ಕೆ ಬಂದು ಕೂರುತ್ತಿವೆ.

ಗೆರೆಗಾರ:

ದಯವಿಟ್ಟು ಗೆರೆ ಮುಚ್ಚಬೇಡಿ. ಭುಜದ ಬಳಿ ತೆರೆದು ಬಿಟ್ಟ ಜಾಗದಿಂದಲೇ ನಿಮ್ಮ ಚಿತ್ರಕ್ಕೆ ಉಸಿರು ಬರುತ್ತದೆ. ಬಕೆಟ್‌ನ ಅನುಕೂಲಕ್ಕೆ ಗೆರೆ ಮುಚ್ಚುತ್ತಾ ಹೋದ ಕಲಾವಿದರ ಚಿತ್ರಗಳೆಲ್ಲ ಮಕ್ಕಳ ಬಣ್ಣ ತುಂಬುವ ಪುಸ್ತಕದ ಹಾಗೆ ಆಗಿರುವುದನ್ನು ನೋಡಿದ್ದೇನೆ.

ಇನ್ನೊಂದು ಪದರ ತೆರೆದು ಗೆರೆ ಮುಚ್ಚದೆ ತೆರೆದ ಕಡೆಗಳಲ್ಲಿ ಮಾತ್ರ ಸಣ್ಣ ಗೆರೆ ಎಳೆಯಿರಿ. ಬಕೆಟ್ ಎರಡೂ ಪದರಗಳನ್ನು ನೋಡಿಕೊಂಡು ತುಂಬುವಂತೆ ಮಾಡಿ, ಕೆಲಸ ಮುಗಿದ ಮೇಲೆ ಆ ಪದರವನ್ನು ಮರೆಮಾಡಿ. ಕ್ರಿತಾದಲ್ಲಿ ‘ಕಲರೈಸ್ ಮಾಸ್ಕ್’ ಎಂಬುದೂ ಇದೆ. ಅಂಗಿಯೊಳಗೆ ಒಂದು ಹಳದಿ ಗೀಟು, ಆಕಾಶದಲ್ಲಿ ಒಂದು ನೀಲಿ ಗೀಟು ಎಳೆದರೆ ನಡುವಿನ ತೆರೆದ ಜಾಗವನ್ನು ಅದೇ ಊಹಿಸಿ ಬಣ್ಣ ಹಂಚುತ್ತದೆ. ಗಿಂಪ್ ಎಂಬ ಇನ್ನೊಂದು ತಂತ್ರಾಂಶದ ಬಕೆಟ್‌ನಲ್ಲೂ ಗೆರೆಚಿತ್ರ ಗುರುತಿಸಿ ತುಂಬುವ ಆಯ್ಕೆ ಇದೆ.

ಜಲವರ್ಣದ ಹದ ಬೇಕೆನಿಸಿದರೆ ಯಾರೋ ಮಾಡಿದ ಬ್ರಷ್‌ಗಳನ್ನು ಇಳಿಸಿಕೊಳ್ಳುವ ಮೊದಲು ನಿಮ್ಮದೇ ಕೈಯಿಂದ ಒಳ್ಳೆಯ ಕಾಗದದ ಮೇಲೆ ನಾಲ್ಕಾರು ವಾಶ್ (ನೀರು ಬೆರೆಸಿದ ತೆಳು ಬಣ್ಣ) ಹರಿಸಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಬಣ್ಣದ ಮೇಲೆ ಅದನ್ನು ಮಲ್ಟಿಪ್ಲೈ ಮಾಡಿದರೆ ನೀರು ಒಣಗಿದ ಅಂಚುಗಳು ನಿಮ್ಮವೇ ಆಗಿರುತ್ತವೆ.

ಒತ್ತಕ್ಷರ:

ಬಲೂನಿನ ವಿಷಯಕ್ಕೆ ನಾನು ಉತ್ತರಿಸುತ್ತೇನೆ. ಚಿತ್ರಕಥೆಗಳಿಗೆ ಕನ್ನಡ ಅಕ್ಷರ ಕೂಡಿಸುವುದೇ ನನ್ನ ಕೆಲಸ.

ಅಕ್ಷರ ಒಡೆಯುವುದಕ್ಕೆ ಕಾರಣ ಸಾಮಾನ್ಯವಾಗಿ ಎರಡರಲ್ಲಿ ಒಂದು. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಶೈಲಿಯಲ್ಲಿ, ಅಂದರೆ ಯೂನಿಕೋಡ್ ಅಲ್ಲದ ಸಂಕೇತದಲ್ಲಿ, ಟೈಪಾದ ಮಾತನ್ನು ಯೂನಿಕೋಡ್ ಶೈಲಿಗೆ ಹಾಕಿರುತ್ತೀರಿ. ಮೊದಲು ಪರಿವರ್ತಕದಲ್ಲಿ ಯೂನಿಕೋಡ್‌ಗೆ ತನ್ನಿ. ಅಥವಾ ಫೋಟೋಶಾಪ್‌ನ ಹಳೆಯ ಆವೃತ್ತಿಯಲ್ಲಿ ಭಾರತೀಯ ಲಿಪಿಗಳನ್ನು ಜೋಡಿಸುವ ಆಯ್ಕೆ ಹಾಕಿರುವುದಿಲ್ಲ. ಪಠ್ಯದ ಆದ್ಯತೆಗಳಲ್ಲಿ ಅದನ್ನು ಬದಲಿಸಬೇಕು. ನನ್ನ ಮಟ್ಟಿಗೆ ಹೇಳುವುದಾದರೆ ಬಲೂನುಗಳನ್ನೆಲ್ಲ ಇಂಕ್‌ಸ್ಕೇಪ್ ತಂತ್ರಾಂಶದಲ್ಲಿ ಮಾಡುತ್ತೇನೆ. ಉಚಿತ, ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ, ಅಕ್ಷರ ವೆಕ್ಟರ್ (ಎಷ್ಟು ಹಿಗ್ಗಿಸಿದರೂ ಒಡೆಯದ ರೂಪ) ಆಗಿರುವುದರಿಂದ ಅಚ್ಚು ಚೂಪಾಗಿರುತ್ತದೆ. ಪ್ರೆಸ್ಸಿಗೆ ಕಳುಹಿಸುವ ಮುನ್ನ ಅಕ್ಷರಗಳನ್ನು ‘ಪಾತ್’, ಅಂದರೆ ಬರಿಯ ಆಕಾರ, ಆಗಿ ಬದಲಿಸಿ. ಅವರ ಕಂಪ್ಯೂಟರ್‌ನಲ್ಲಿ ಆ ಅಕ್ಷರಶೈಲಿ ಇಲ್ಲದಿದ್ದರೂ ಚಿಂತೆಯಿಲ್ಲ. ಬದಲಿಸುವ ಮೊದಲಿನ ಪ್ರತಿಯನ್ನೂ ಉಳಿಸಿಟ್ಟುಕೊಳ್ಳಿ, ಮಾತು ತಿದ್ದುವ ಸಂದರ್ಭ ಬಂದೇ ಬರುತ್ತದೆ.

ಇಂಗ್ಲಿಷ್ ಚಿತ್ರಕಥೆಗಳನ್ನು ನೋಡಿ ಬಲೂನು ಬರೆಯಬೇಡಿ. ಅಲ್ಲಿ ದೊಡ್ಡಕ್ಷರಗಳು ಮೇಲೂ ಕೆಳಗೂ ಸಮವಾಗಿರುತ್ತವೆ, ಸಾಲುಗಳನ್ನು ಒತ್ತೊತ್ತಾಗಿ ಇಡಬಹುದು. ನಮ್ಮಲ್ಲಿ ‘ರಾಷ್ಟ್ರ’ದ ಒತ್ತು ಕೆಳಗಿಳಿದು ಕೆಳಸಾಲಿನ ‘ಕೀ’ಯ ಗುಡಿಸನ್ನು ಮುಟ್ಟುತ್ತದೆ. ಸಾಲಿನ ಅಂತರ ಅಕ್ಷರದ ಗಾತ್ರದ ಒಂದೂವರೆ ಪಟ್ಟು ಬೇಕು. ಪದಗಳೂ ಉದ್ದ. ‘ಹೋಗಬೇಕಾಗಿತ್ತಲ್ಲವೇ’ ಎಂಬುದು ಒಂದೇ ಪದ, ಅದನ್ನು ಕಿರಿದಾದ ಬಲೂನಿನಲ್ಲಿ ಮುರಿಯಲಾಗದು. ಆದ್ದರಿಂದ ಬಲೂನು ಅಗಲವಾಗಿರಲಿ. ಚೌಕಟ್ಟಿನ ಕರಡು ಹಾಕುವಾಗಲೇ ಮಾತಿಗೆ ಜಾಗ ಬಿಡಿ, ಆಮೇಲೆ ಅಜ್ಜಿಯ ತುರುಬಿನ ಮೇಲೆ ಬಲೂನು ಏರಿಸುವ ಹಾಗಾಗಬಾರದು.

ಬಲೂ ತಮ್ಮ, ಅಕಾಯ ಕನಡಕ ಎಂಬ ಮುಕ್ತ ಅಕ್ಷರಶೈಲಿಗಳು ಮಕ್ಕಳ ಚಿತ್ರಕಥೆಗೆ ಒಪ್ಪುತ್ತವೆ. ಆದರೆ ನಿಮ್ಮ ಕೈಬರಹ ಚೆನ್ನಾಗಿದ್ದರೆ ಅದನ್ನು ಬಿಡಬೇಡಿ. ಬೇರೆ ಹಾಳೆಯ ಮೇಲೆ ಮಸಿಯಲ್ಲಿ ಮಾತುಗಳನ್ನು ಬರೆದು, ಸ್ಕ್ಯಾನ್ ಮಾಡಿ, ಬಲೂನಿನಲ್ಲಿ ಕೂರಿಸಿ. ಕೂಗು, ಗೊಣಗಾಟ, ‘ಧಡಾರ್’ ಎಂಬ ಸದ್ದು, ಇವನ್ನಂತೂ ಕೈಯಲ್ಲೇ ಬರೆಯಿರಿ. ಇಂಥ ಅಕ್ಷರಶೈಲಿ ಕನ್ನಡಕ್ಕೆ ಇನ್ನೂ ಬೇಕಾದಷ್ಟು ಬಂದಿಲ್ಲ ಎಂಬ ಕೊರಗು ನನಗಿದೆ.

ಹಳೆಯಪುಟ:

ಮಸಿಯ ಮೂಲಚಿತ್ರ ಉಳಿಯುತ್ತದೆ ಎಂದಾದರೆ ನನ್ನ ಅರ್ಧ ಆಕ್ಷೇಪ ಇಲ್ಲ. ಉಳಿದರ್ಧ ಇರುತ್ತದೆ: ಬಣ್ಣವೂ ಚಿತ್ರದ ಭಾಗವೇ, ಅದನ್ನು ಕಾಗದದಿಂದ ಕಿತ್ತರೆ ಮೂಲಚಿತ್ರ ಅಷ್ಟರ ಮಟ್ಟಿಗೆ ಬಡವಾಯಿತು. ವರ್ಷಕ್ಕೆ ಕೆಲವು ಚಿತ್ರಗಳನ್ನಾದರೂ ಪೂರ್ತಿ ಕಾಗದದ ಮೇಲೆ ಮಾಡಿ.

ಕರಡನ್ನು ಟ್ಯಾಬ್ಲೆಟ್‌ನಲ್ಲಿ ಹಾಕಿ, ತಿಳಿನೀಲಿಯಲ್ಲಿ ಅಚ್ಚು ತೆಗೆದು, ಅದರ ಮೇಲೆ ನಿಬ್ಬಿನಿಂದ ಮಸಿ ಹಾಕುವವರೂ ಇದ್ದಾರೆ. ನನ್ನ ಪರಿಚಯದ ಒಬ್ಬ ಹಿರಿಯರು ಹೀಗೆಯೇ ಮಾಡುತ್ತಾರೆ. ಲೈಟ್ ಬಾಕ್ಸ್ ಬೇಕಿಲ್ಲ, ಕರಡನ್ನು ಎಷ್ಟು ಬೇಕಾದರೂ ಹಿಗ್ಗಿಸಿ ಕುಗ್ಗಿಸಬಹುದು. ಇಂಕ್‌ಜೆಟ್ ಅಚ್ಚಾದರೆ ಬಣ್ಣ ತೀರ ತೆಳುವಾಗಿರಲಿ, ಒದ್ದೆ ಬ್ರಷ್ ತಗುಲಿದರೆ ಹರಡುತ್ತದೆ. ಲೇಸರ್ ಅಚ್ಚಿನ ಮೇಲೆ ಮಸಿ ಸರಿಯಾಗಿ ಹಿಡಿಯುವುದಿಲ್ಲ.

ಪುಟವಿನ್ಯಾಸ:

ತಿದ್ದುಪಡಿಯ ಬಗ್ಗೆ ಒಂದು ಮಾತು. ಫೈಲು ಕೊಡುತ್ತೀರಿ ಎಂದು ಗೊತ್ತಾದ ಕೂಡಲೇ ತಿದ್ದುಪಡಿಗಳು ಹೆಚ್ಚುತ್ತವೆ. ಕಾಗದದ ಚಿತ್ರಕ್ಕೆ ಕೇಳಲು ಹಿಂಜರಿಯುತ್ತಿದ್ದವರು ಈಗ ಮೂರು ಬಾರಿ ಸೀರೆ ಬದಲಿಸಲು ಕೇಳುತ್ತಾರೆ. ಕೆಲಸ ಒಪ್ಪಿಕೊಳ್ಳುವಾಗಲೇ ಎರಡು ಸುತ್ತಿನ ತಿದ್ದುಪಡಿ, ಆಮೇಲಿನದಕ್ಕೆ ಪ್ರತ್ಯೇಕ ಸಂಭಾವನೆ ಎಂದು ಮಾತಾಡಿಕೊಳ್ಳಿ. ನಮಗೆ ಕಳುಹಿಸುವಾಗ ಪದರಗಳ ಫೈಲು ಕೊಡಬೇಡಿ, ಎಲ್ಲ ಕೂಡಿಸಿದ ಟಿಫ್ ಫೈಲು ಮತ್ತು ಬಲೂನುಗಳ ಪಿಡಿಎಫ್ ಸಾಕು. ಬಣ್ಣದ ಚಿತ್ರಕ್ಕೆ ಅಚ್ಚಾಗುವ ಗಾತ್ರದಲ್ಲಿ 300 ಡಿಪಿಐ. ಪದರಗಳಿರುವ ಮೂಲ ಫೈಲು ನಿಮ್ಮ ಬಳಿ, ಎರಡು ಬೇರೆ ಬೇರೆ ಜಾಗಗಳಲ್ಲಿ ಇರಲಿ.

ಮಸಿಕುಡಿಕೆ:

ಹಳೆಯಪುಟ ಅವರು ಹೇಳಿದ ನೀಲಿ ಅಚ್ಚಿನ ದಾರಿ ನನಗೆ ಬಹಳ ಹಿಡಿಸಿತು. ಹಾಗಾದರೆ ಈಗಲೇ ಪರದೆಯ ಟ್ಯಾಬ್ಲೆಟ್ ಬೇಡ ಎನಿಸುತ್ತಿದೆ. ಕರಡಿಗೂ ಬಣ್ಣಕ್ಕೂ ಪರದೆ ಇಲ್ಲದ ಟ್ಯಾಬ್ಲೆಟ್ ಸಾಕೇ? ಯಾವ ಗಾತ್ರ?

ಚುಕ್ಕಿಗೆರೆ:

ಸಾಕು ಸರ್. ಚಿಕ್ಕದು ಬೇಡ. ಚಿಕ್ಕದರಲ್ಲಿ ಮಣಿಕಟ್ಟಿನಿಂದ ಮಾತ್ರ ಬರೆಯಬೇಕಾಗುತ್ತದೆ, ನೀವು ಮೊಣಕೈಯಿಂದ ಗೆರೆ ಎಳೆದು ಅಭ್ಯಾಸವಾದವರು. ಸುಮಾರು ಹತ್ತು ಇಂಚು ಅಗಲ, ಆರು ಇಂಚು ಎತ್ತರದ ಮಧ್ಯಮ ಗಾತ್ರ ತೆಗೆದುಕೊಳ್ಳಿ. ಬ್ಯಾಟರಿ ಇಲ್ಲದ ಪೆನ್ನು ಇರುವುದನ್ನೇ ಆರಿಸಿ. ವಾಕಾಮ್‌ನದು ಗಟ್ಟಿ, ಹುಯಿಯಾನ್ ಮತ್ತು ಎಕ್ಸ್‌ಪಿ-ಪೆನ್ ಕಡಿಮೆ ಬೆಲೆಗೆ ಬರುತ್ತವೆ. ಜೋಡಿಸಿದ ಮೇಲೆ ಮೊದಲು ಮಾಡಬೇಕಾದದ್ದು, ಟ್ಯಾಬ್ಲೆಟ್‌ನ ಅಗಲ ಎತ್ತರದ ಅನುಪಾತ ನಿಮ್ಮ ಪರದೆಯ ಅನುಪಾತಕ್ಕೆ ಸರಿಹೊಂದುವಂತೆ ಚಾಲಕ ತಂತ್ರಾಂಶದಲ್ಲಿ ಬದಲಿಸುವುದು. ಇಲ್ಲದಿದ್ದರೆ ನೀವು ಬರೆದ ವೃತ್ತ ಮೊಟ್ಟೆಯಾಕಾರವಾಗುತ್ತದೆ. ಒಂದು ವೃತ್ತ, ಒಂದು ಚೌಕ ಬರೆದು ಅಳತೆ ಸರಿಯಿದೆ ಎಂದು ನೋಡಿಕೊಂಡು ಆಮೇಲೆ ಅಜ್ಜಿಯ ಸೀರೆಗೆ ಕೈ ಹಾಕಿ.